ಅಡಾಲಜಿನ ಬಾವಿಗೆ ಇಳಿದದ್ದು

ಆಟದ ಸಾಮಾನು ಎಂದುಬಿಟ್ಟಿದ್ದಳು ಜಯಾ. ಗುಜರಾತಿಯಲ್ಲಿ ಆ ಮಾತು ಇನ್ನೂ ಹಗುರ, ರಮಕಡಾಂ ಎಂದರೆ ನಾಲಗೆಯ ತುದಿಯಿಂದಲೇ ಜಾರಿಹೋಗುತ್ತದೆ. ಹೇಳಿದಾಗ ಪ್ರಿನ್ಸಿಪಾಲ್ ಸುಭದ್ರಾಬೆನ್ ನಕ್ಕಿದ್ದರು, ತಾನೂ ನಕ್ಕಿದ್ದಳು, ಅಷ್ಟರಲ್ಲಿ ಚಹಾ ಮುಗಿದಿತ್ತು. ಅದು ನಿನ್ನೆಯ ಮಾತು. ಇವತ್ತು ನರೋಡಾಕ್ಕೆ ಹೋಗುವ ಬಸ್ಸಿನಲ್ಲಿ, ಅಪರೂಪಕ್ಕೆ ಸಿಕ್ಕ ಕಿಟಕಿಯ ಸೀಟಿನಲ್ಲಿ ಕೂತವಳನ್ನು ಅದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಬಿಡದೆ ಕಾಡುತ್ತಿತ್ತು. ಹೇಳಿದ್ದರಲ್ಲಿ ತಪ್ಪೇನಿದೆ? ಕಣ್ಣಿಗೆ ಕಪ್ಪು ಡಬ್ಬಿ ಕಟ್ಟಿಕೊಂಡು, ಕತ್ತನ್ನು ಗೂಬೆಯ ಹಾಗೆ ತಿರುಗಿಸುತ್ತ, ಇಲ್ಲದ ಸಮುದ್ರದ ಇಲ್ಲದ ಮೀನು ಹಿಡಿಯಲು ಕೈಚಾಚುವ ಮಕ್ಕಳನ್ನು ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು. ಅದನ್ನು ಪಾಠ ಅನ್ನುತ್ತಾರೆಯೆ? ಟ್ರಸ್ಟಿನವರು ನಾಳೆ ಬರ್ತಾರೆ, ಈ ವಿಆರ್ ಹೆಡ್‌ಸೆಟ್ಟುಗಳ ಯೋಜನೆ ಇಟ್ಟುಕೊಳ್ಳೋದೋ ಬಿಡೋದೋ ತೀರ್ಮಾನ ಆಗಬೇಕು, ಜಯಾಬೆನ್, ನೀವು ಹಿರಿಯರು, ಇಷ್ಟು ವರ್ಷ ಭೂಗೋಳ ಕಲಿಸಿದವರು, ನೀವು ಏನಂತೀರಿ? ಹಾಗೆ ಕೇಳಿದ್ದರು ಸುಭದ್ರಾಬೆನ್. ಅವಳನ್ನು ಯಾರಾದರೂ ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತು! ಕೇಳಿದ ಆ ಒಂದು ಕ್ಷಣದ ಸುಖಕ್ಕೆ ಅವಳು ಆ ಮಾತನ್ನು ಹೇಳಿದ್ದಳು. ಯೋಜನೆ ಹೋದರೆ ಅದನ್ನು ನಡೆಸುವ ಎಳೆಯ ಟೀಚರ್ ಮನಸ್ವಿನಿಯ ಕೆಲಸವೂ ಹೋಗುತ್ತದೆ ಎನ್ನುವುದು ಹೇಳುವಾಗ ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿದ್ದೇ ನಕ್ಕಿದ್ದಳು.

ಮನೆಗೆ ಹೋಗಿ ಗಂಡನಿಗೂ ಹೇಳಿದ್ದಳು, ಸ್ವಲ್ಪ ಹೆಮ್ಮೆಯಿಂದಲೇ. ನಂಜುಂಡ ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ. ಬಾಹ್ಯಾಕಾಶದ ಸಂಸ್ಥೆಯಿಂದ ನಿವೃತ್ತನಾದ ಮೇಲೆ ತರಕಾರಿ ಹೆಚ್ಚುವ ಕೆಲಸವನ್ನು ಅವನೇ ವಹಿಸಿಕೊಂಡಿದ್ದ. ಉಪಗ್ರಹದ ಕ್ಯಾಮೆರಾಗಳನ್ನು ಪರೀಕ್ಷೆ ಮಾಡಿದ ಕೈ, ಹುರುಳಿಕಾಯಿಯನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿತ್ತು.

"ನೋಡಿದ್ಯಾ ನೀನು?" ಎಂದಿದ್ದ.

"ಏನನ್ನ?"

"ಅದೇ ಆ ಡಬ್ಬೀನ. ಹಾಕ್ಕೊಂಡು ನೋಡಿದ್ಯಾ?"

"ಹಾಕ್ಕೊಂಡೇ ನೋಡ್ಬೇಕೇನ್ರೀ? ನೋಡಿದ್ರೆ ಗೊತ್ತಾಗಲ್ವಾ?"

ನಂಜುಂಡ ಹೂಂ ಎಂದ. ಮೂವತ್ತು ವರ್ಷದ ಸಂಸಾರದಲ್ಲಿ ಆ ಹೂಂಗಳಲ್ಲಿ ಎಷ್ಟು ಬಗೆಯಿವೆ ಎಂದು ಅವಳಿಗೆ ತಿಳಿಯುತ್ತಿತ್ತು. ಇದು ಒಪ್ಪಿಗೆಯದಲ್ಲ. ಮುಂದೆ ಮಾತಾಡಿದ್ದರೆ ಜಗಳವಾಗುತ್ತಿತ್ತು, ಆಡಲಿಲ್ಲವಾದ್ದರಿಂದ ಅದು ಬಸ್ಸಿನವರೆಗೂ ಜೊತೆಗೇ ಬಂದಿತ್ತು.

ಬಸ್ಸಿಳಿದು ಕಾರ್ಖಾನೆಗಳ ಕಾಂಪೌಂಡಿನ ಪಕ್ಕದ ರಸ್ತೆಯಲ್ಲಿ ನಡೆಯುವಾಗ ಆ ವಾಸನೆ ಬಂತು, ಕೊಳೆತ ಮೊಟ್ಟೆಗೂ ಸುಟ್ಟ ಸಕ್ಕರೆಗೂ ನಡುವಿನದು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಅವಳ ತರಗತಿಯ ಮಕ್ಕಳು ಈ ವಾಸನೆಯಿಂದಲೇ ಹೇಳಿಬಿಡುತ್ತಾರೆ, ದಿಕ್ಕುಗಳ ಪಾಠ ಅವರಿಗೆ ಬೇಕೇ ಇಲ್ಲ. ಬಣ್ಣದ ಕಾರ್ಖಾನೆಯವರ, ಬಾಯ್ಲರ್ ನೋಡಿಕೊಳ್ಳುವವರ, ಲಾರಿ ತುಂಬುವವರ ಮಕ್ಕಳು. ನಂಜುಂಡನ ಸಹೋದ್ಯೋಗಿಗಳ ಹೆಂಡತಿಯರೆಲ್ಲ ನದಿಯ ಆಚೆ ಕಡೆಯ ದೊಡ್ಡ ಶಾಲೆಗಳಲ್ಲಿ ಕಲಿಸಿದರು. ಯುಗಾದಿಗೆ ಕನ್ನಡದವರು ಸೇರಿದಾಗ, ನೀವು ಇನ್ನೂ ನರೋಡಾಕ್ಕೇ ಹೋಗ್ತೀರಾ ಜಯಾ, ಎಂದು ಅವರು ಕೇಳುವ ದನಿಯಲ್ಲಿ ಮರುಕ ಇರುತ್ತಿತ್ತು. ಆ ಮರುಕಕ್ಕೆ ಉತ್ತರವಾಗಿ ಅವಳು ಒಳಗೇ ಒಂದು ಗರ್ವವನ್ನು ಬೆಳೆಸಿಕೊಂಡಿದ್ದಳು: ಆ ಮಕ್ಕಳಿಗೆ ಜಗತ್ತನ್ನು ಕೊಟ್ಟವಳು ನಾನು. ಸೀಮೆಸುಣ್ಣ, ಬಟ್ಟೆಯ ಭೂಪಟ, ನನ್ನ ಗಂಟಲು, ಇಷ್ಟರಲ್ಲೇ. ಹಿಂದೆಲ್ಲ ಭೂಪಟವನ್ನು ಹೊರಲು ಹುಡುಗರು ಮೆಟ್ಟಿಲಲ್ಲಿ ಜಗಳವಾಡುತ್ತಿದ್ದರು. ಈಗ ಅದು ಸ್ಟಾಫ್ ರೂಮಿನ ಕಪಾಟಿನ ಮೇಲೆ ಸುರುಳಿಯಾಗಿ ಮಲಗಿತ್ತು. ಹೋದ ವಾರ ಹಟದಿಂದ ತೆಗೆದು ಗೋಡೆಗೆ ಹಾಕಿದ್ದಳು. ಆಫ್ರಿಕಾ ತೋರಿಸು ಎಂದು ಕರೆದರೆ ಹೇತಲ್ ಎಂಬ ಹುಡುಗಿ ಬಂದು, ಬಟ್ಟೆಯ ಮೇಲೆ ಎರಡು ಬೆರಳಿಟ್ಟು ಅಗಲಿಸಿದಳು, ಮೊಬೈಲಿನಲ್ಲಿ ಚಿತ್ರ ದೊಡ್ಡದು ಮಾಡುವ ಹಾಗೆ. ತರಗತಿಗೆ ತರಗತಿಯೇ ನಕ್ಕಿತು. ಹುಡುಗಿಯೂ ನಾಚಿ ನಕ್ಕಳು. ಜಯಾ ಕೂಡ ನಕ್ಕಳು, ನಗದೆ ಬೇರೆ ದಾರಿ ಇರಲಿಲ್ಲ. ಆದರೆ ಆ ನಗೆ ಅವಳ ಮೇಲೆ ಬಿದ್ದದ್ದೋ ಹುಡುಗಿಯ ಮೇಲೆ ಬಿದ್ದದ್ದೋ ಎನ್ನುವುದು ಆ ದಿನದಿಂದ ತೀರ್ಮಾನವಾಗದೆ ಉಳಿದಿತ್ತು.

"ಜಯಾಬೆನ್, ಇವತ್ತು ಏಳನೇ ತರಗತಿಗೆ ಬರಬೇಕು ನೀವು, ಮೂರನೇ ಪೀರಿಯಡ್," ಎಂದಳು ಮನಸ್ವಿನಿ, ಗೇಟಿನ ಹತ್ತಿರವೇ ಸಿಕ್ಕಿ. ಎರಡು ವರ್ಷದ ಹಿಂದೆ ಬಂದ ಹುಡುಗಿ, ವಡೋದರಾದಲ್ಲಿ ಓದಿದವಳು, ಯಾವಾಗಲೂ ಭುಜದ ಮೇಲೊಂದು ಚಾರ್ಜರಿನ ತಂತಿ. "ಟ್ರಸ್ಟಿನ ಚೇತನ್‌ಭಾಯಿ ನೋಡೋಕೆ ಬರ್ತಾರೆ. ನಾನು ತೆಗೆದ ಅಡಾಲಜ್ ತೋರಿಸ್ತೀನಿ. ನೀವು ನಮ್ಮ ಜೊತೆ ಇಳೀಬೇಕು."

ಇಳೀಬೇಕು. ಎಷ್ಟು ಸಹಜವಾಗಿ ಹೇಳಿದಳು! ಅವಳ ಮುಖದಲ್ಲಿ ಏನೂ ಇರಲಿಲ್ಲ, ಅಥವಾ ಇದ್ದದ್ದನ್ನು ಜಯಾ ನೋಡಲಾರದೆ ಕೆಳಗೆ ನೋಡಿದಳು. ಆಗಲಿ ಬೇಟಾ ಎಂದಳು. ಆ ಬೇಟಾ ಎಂಬ ಮಾತು ತನ್ನ ಬಾಯಲ್ಲೇ ಹಳಸಿದಂತೆ ಅನಿಸಿತು.

ಅಡಾಲಜ್! ಇಲ್ಲೇ ಇದೆ, ಬಸ್ಸಿನಲ್ಲಿ ಕೂತರೆ ಹೋಗಿಬಿಡಬಹುದು. ಅದನ್ನು ಡಬ್ಬಿಯಲ್ಲಿ ತುಂಬಿಸಿ ತೋರಿಸುವುದೇ ಅವಳಿಗೆ ಎಲ್ಲಕ್ಕಿಂತ ಹಾಸ್ಯಾಸ್ಪದವಾಗಿ ಕಂಡಿತ್ತು. ಹವಳದ ದಿಬ್ಬ, ಜ್ವಾಲಾಮುಖಿ, ಅವು ಯಂತ್ರದ ಜೊತೆಗೇ ಬಂದವು, ಇರಲಿ. ಆದರೆ ಶಾಲೆಯ ಪ್ರವಾಸಗಳಿಗೆ ಪರವಾನಗಿಯ ಮೇಲೆ ಪರವಾನಗಿ ಬೇಕಾಗಿ ಅವು ನಿಂತೇಹೋದ ಮೇಲೆ, ಮನಸ್ವಿನಿ ಬೇಸಿಗೆ ರಜೆಯಲ್ಲಿ ಗೆಳತಿಯೊಬ್ಬಳಿಂದ ಸುತ್ತಲೂ ಒಟ್ಟಿಗೆ ಚಿತ್ರ ಹಿಡಿಯುವ ಕ್ಯಾಮೆರಾ ತಂದು, ಅನುಮತಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು, ಬೆಳಗಿನ ಜನ ಬರುವ ಮುಂಚೆ ಆ ಮೆಟ್ಟಿಲುಬಾವಿಯ ಒಂದೊಂದು ಅಂತಸ್ತಿನಲ್ಲೂ ನಿಂತು ವಿಡಿಯೋ ತೆಗೆದಿದ್ದಳು. ಅಷ್ಟು ಮಾಡಿದ್ದಾಳೆ ಎಂಬುದು ಜಯಾಳಿಗೆ ಗೊತ್ತಿತ್ತು. ಗೊತ್ತಿದ್ದೂ, ಅಷ್ಟೇಕೆ ಮಾಡಬೇಕಿತ್ತು ಎಂದು ಸಿಟ್ಟು ಬರುತ್ತಿತ್ತು. ತಾನೂ ಅದೇ ಬಾವಿಗೆ ಎಷ್ಟು ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿಲ್ಲ! ಬಸ್ಸಿಳಿದ ಕೂಡಲೆ ತಲೆ ಮುಟ್ಟಿ ಮುಟ್ಟಿ ಎಣಿಸುವುದು. ಮೆಟ್ಟಿಲಿನ ಬಾಯಲ್ಲಿ ಮತ್ತೆ ಎಣಿಸುವುದು. ಒಳಗೆ ಕತ್ತಲು, ತೇವ, ಕಿರುಚಾಟ, ಕೆಳಗೆ ನೀರು. ಒಮ್ಮೆ ಒಬ್ಬ ಹುಡುಗ ಕಟ್ಟೆಯಿಂದ ಬಗ್ಗಿದಾಗ ಅವನ ಕಾಲರು ಹಿಡಿದು ಎಳೆದಿದ್ದಳು, ಎಳೆದ ರಭಸಕ್ಕೆ ಗುಂಡಿ ಕಿತ್ತು ಬಂದಿತ್ತು. ಅಡಾಲಜ್ ಎಂದರೆ ಅವಳಿಗೆ ಎಣ್ಣೆ ಹಚ್ಚಿದ ತಲೆಗಳು, ಮತ್ತು ಒಂದು ತಲೆ ಕಡಿಮೆ ಬಂದಾಗ ಮೊದಲಿಂದ ಮತ್ತೆ ಎಣಿಸುವ ಬೆರಳು.

ಮೂರನೇ ಪೀರಿಯಡ್ಡಿಗೆ ತರಗತಿಯ ಬೆಂಚುಗಳನ್ನು ಗೋಡೆಗೆ ತಳ್ಳಿ ನಡುವೆ ಜಾಗ ಮಾಡಿದ್ದರು. ಹೆಡ್‌ಸೆಟ್ಟುಗಳು ಇದ್ದದ್ದು ಕೆಲವೇ, ಅರ್ಧ ಮಕ್ಕಳು ಹಾಕಿಕೊಂಡಾಗ ಉಳಿದರ್ಧ ಅವರ ಹಿಂದೆ ನಿಂತು ಬೀಳದಂತೆ ನೋಡಿಕೊಳ್ಳಬೇಕು, ಆಮೇಲೆ ಸರದಿ ಬದಲು. ಈ ಏರ್ಪಾಡು ಮನಸ್ವಿನಿಯದೇ. ಚೇತನ್‌ಭಾಯಿ ಕಿಟಕಿಯ ಬಳಿ ಕೈಕಟ್ಟಿ ನಿಂತಿದ್ದರು, ಪಕ್ಕದಲ್ಲಿ ಸುಭದ್ರಾಬೆನ್. ಮನಸ್ವಿನಿ ಒಂದು ಹೆಡ್‌ಸೆಟ್ಟಿನ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಜಯಾಳ ಹಿಂದೆ ಬಂದು, ತುರುಬಿಗೆ ತಾಗದ ಹಾಗೆ ಪಟ್ಟಿಯನ್ನು ಸಡಿಲಿಸಿ, ಕಟ್ಟಿದಳು. "ಕನ್ನಡಕ ಇರಲಿ, ತೆಗೀಬೇಡಿ. ತಲೆ ಸುತ್ತಿದರೆ ಕಣ್ಣು ಮುಚ್ಚಿಬಿಡಿ, ನಾನು ಇಲ್ಲೇ ಇರ್ತೀನಿ." ಎಲ್ಲರ ಎದುರಿಗೆ ಕಣ್ಣು ಕಟ್ಟಿಸಿಕೊಂಡು ನಿಂತ ನಾಚಿಕೆ, ಯಾವುದೋ ಮಗುವಿನ ತಲೆಯ ಕೊಬ್ಬರಿ ಎಣ್ಣೆಯ ವಾಸನೆ, ಕತ್ತಲೆ.

ಆಮೇಲೆ ಬೆಳಗಾಯಿತು.

ಬೆಳಗಾಯಿತು ಎಂದೇ ಹೇಳಬೇಕು. ಜೇನಿನ ಬಣ್ಣದ ಕಲ್ಲು ಎಲ್ಲ ಕಡೆಯಿಂದ ಒಮ್ಮೆಗೇ ಬಂದು ನಿಂತಿತು. ಗಿಳಿಗಳು ಕೂಗುತ್ತಿದ್ದವು. ಅವಳು ಕೆಳಗೆ ನೋಡಿಕೊಂಡಳು, ಕಾಲಿರಲಿಲ್ಲ. ಸೀರೆಯ ನೆರಿಗೆ ಇರಲಿಲ್ಲ, ಊದಿದ ಮಂಡಿ ಇರಲಿಲ್ಲ, ತಾನು ನಿಂತಿರಬೇಕಾದ ಜಾಗದಲ್ಲಿ ಬರೀ ಮೆಟ್ಟಿಲು. ಒಂದು ಕ್ಷಣ ಭಯವಾಯಿತು, ಆಮೇಲೆ ಆ ಭಯ ಎಷ್ಟು ಬೇಗ ಸಂತೋಷವಾಗಿ ತಿರುಗಿತೆಂದರೆ ಅವಳಿಗೇ ಸಂಕೋಚವಾಯಿತು. ಎಲ್ಲಿಂದಲೋ ಮನಸ್ವಿನಿಯ ದನಿ, ಈಗ ಎರಡನೇ ಅಂತಸ್ತು, ಎಂದಿತು, ಕಂಬಗಳ ಸಾಲು ತಲೆಯ ಮೇಲೆ ಎದ್ದುಕೊಂಡಿತು. ಈ ಕಂಬಗಳು ಇಲ್ಲಿ ಇದ್ದವೆ? ಇಷ್ಟು ಇದ್ದವೆ? ಅವುಗಳ ನಡುವೆ ಬೆಳಕು ಓರೆಯಾಗಿ ಬಿದ್ದು ಮೆಟ್ಟಿಲಿನ ಮೇಲೆ ಒಣಹಾಕಿದ ಬಟ್ಟೆಯ ಹಾಗೆ ಹರಡಿಕೊಂಡಿತ್ತು. ಗೋಡೆಯ ಉದ್ದಕ್ಕೂ ಬೊಗಸೆಯಷ್ಟೇ ಗಾತ್ರದ ಆನೆಗಳು, ಒಂದೂ ಇನ್ನೊಂದರಂತಿಲ್ಲ, ಒಂದರ ಸೊಂಡಿಲು ಮುಂದಿನದರ ಬಾಲವನ್ನು ಎಳೆಯುತ್ತಿತ್ತು. ಅವಳು ಕತ್ತು ತಿರುಗಿಸಿದಳು, ಗೂಬೆಯ ಹಾಗೆಯೇ ತಿರುಗಿಸಿದಳು, ತಿರುಗಿಸಿದಷ್ಟೂ ಕಲ್ಲು ಮುಗಿಯುತ್ತಿರಲಿಲ್ಲ. ಮೂರನೇ ಅಂತಸ್ತಿನ ಗೋಡೆಯಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು, ಎರಡೂ ಕೈಯಲ್ಲಿ ಹಗ್ಗ, ಮುಂದೆ ಗಡಿಗೆ, ಸೊಂಟ ಒಂದಿಷ್ಟು ಓರೆ. ಹಗ್ಗ ಎಳೆದ ಕೈ ಹಿಂದಕ್ಕೆ ಬಂದು, ಇನ್ನೇನು ಮುಂದಕ್ಕೆ ಹೋಗಬೇಕು.

"ಅಯ್ಯೋ! ಮಜ್ಜಿಗೆ ಕಡೀತಾವ್ಳೆ ಕಣ್ರೋ!"

ಜೋರಾಗಿ ಕೂಗಿದ್ದಳು. ಕೊಳ್ಳೇಗಾಲದ ಕನ್ನಡ, ಮನೆಯಲ್ಲಿ ನಂಜುಂಡನ ಜೊತೆ ಕೂಡ ಈಗ ಆಡದ ಕನ್ನಡ. ಕಡೆಗೋಲಿಗೆ ಹಗ್ಗ ಸುತ್ತಿ ಅವ್ವ ಎಳೆಯುವಾಗ ಇನ್ನೊಂದು ತುದಿಯನ್ನು ತಾನೂ ಹಿಡಿಯುತ್ತೇನೆಂದು ಹಟ ಮಾಡಿ, ಹಗ್ಗದ ಜೊತೆ ಹಿಂದೆ ಮುಂದೆ ಜೋಲಿ ಹೊಡೆದದ್ದು, ಮೊಣಕೈಗೆ ಸಿಡಿದ ಬೆಣ್ಣೆ. ಅವಳ ಕೈ ತಾನಾಗಿಯೇ ಆ ಹಗ್ಗಕ್ಕೆ ಚಾಚಿಕೊಂಡಿತು, ಕಲ್ಲಿನ ಬದಲು ಬೆಚ್ಚಗಿನದೇನನ್ನೋ ಮುಟ್ಟಿತು. ಯಾರದೋ ಕೆನ್ನೆ. ಸುತ್ತ ನಗು ಸಿಡಿಯಿತು, ಹುಡುಗರ ಕಿಸಿಕಿಸಿ, ಏನಂದ್ರು ಟೀಚರ್, ಇದು ಯಾವ ಭಾಷೆ, ಅದರ ನಡುವೆ ಚೇತನ್‌ಭಾಯಿಯ ದಪ್ಪ ನಗುವೂ ಇತ್ತು. ನಗುತ್ತಿರುವವರನ್ನು ಅವಳು ನೋಡುವ ಹಾಗಿರಲಿಲ್ಲ, ಅವರೆಲ್ಲ ಅವಳನ್ನು ನೋಡುತ್ತಿದ್ದರು. ಕಿವಿ ಬಿಸಿಯಾಯಿತು. ಆ ಕೆನ್ನೆಯವಳು, ಅವಳು ಮನಸ್ವಿನಿಯೇ, ಜಯಾಳ ಕೈಯನ್ನು ಕೆಳಗಿಳಿಸದೆ ತನ್ನ ಭುಜದ ಮೇಲೆ ಇಟ್ಟುಕೊಂಡು, "ಹೌದು, ಮಜ್ಜಿಗೆ ಕಡೀತಿದ್ದಾಳೆ, ಎಲ್ಲರೂ ಎಡಗಡೆ ನೋಡಿ, ಜಯಾಬೆನ್ ಕಂಡುಹಿಡಿದರು," ಎಂದಳು. ಭಾಷೆ ತಿಳಿಯದೆಯೂ ಹೇಗೆ ತಿಳಿಯಿತೋ. ನಗು ನಿಂತುಹೋಯಿತು. ಎಲ್ಲಿ, ಎಲ್ಲಿ, ಹಾಂ ಸಿಕ್ಕಿದಳು, ಎಂದು ಒಂದೊಂದಾಗಿ ದನಿಗಳು ಎದ್ದವು.

ಮತ್ತೆ ಇಳಿದರು. ಕೊನೆಯಲ್ಲಿ ನೀರಿನ ಪಕ್ಕ ನಿಂತಾಗ, ಮೇಲೆ ನೋಡಿ, ಎಂದಳು ಮನಸ್ವಿನಿ. ಜಯಾ ಮೇಲೆ ನೋಡಿದಳು. ಒಂದರ ಮೇಲೊಂದು ಕಲ್ಲಿನ ಚೌಕಟ್ಟು, ಎಂಟು ಮೂಲೆ, ಅದರ ತುದಿಯಲ್ಲಿ ಆಕಾಶದ ಒಂದು ತುಂಡು, ಅಷ್ಟು ನೀಲಿ, ಅಷ್ಟು ದೂರ. ಒಂದು ಪಾರಿವಾಳ ಅದನ್ನು ದಾಟಿತು. ಇಷ್ಟು ಸಲ ಇಲ್ಲಿಗೆ ಬಂದವಳು ಒಮ್ಮೆಯೂ ಕತ್ತೆತ್ತಿರಲಿಲ್ಲ ಎಂದು ಅವಳಿಗೆ ಹೊಳೆದದ್ದು ಆಗ. ಮಕ್ಕಳು ಎಲ್ಲಿದ್ದಾರೆಂದು ತನಗೆ ಗೊತ್ತಿಲ್ಲ, ಯಾರು ಬಗ್ಗಿದರು ಯಾರು ಜಾರಿದರು ಗೊತ್ತಿಲ್ಲ, ಗೊತ್ತಾಗಬೇಕೆಂದೂ ಅನಿಸಲಿಲ್ಲ, ಅಂಥ ಒಂದು ನಿಮಿಷ ತನ್ನ ನೌಕರಿಯಲ್ಲಿ, ಬಹುಶಃ ಮದುವೆಯ ನಂತರದ ಬದುಕಿನಲ್ಲೇ, ಬಂದಿರಲಿಲ್ಲ. ಅದನ್ನು ಕೊಟ್ಟವಳು ಪಕ್ಕದಲ್ಲಿ ನಿಂತಿದ್ದಳು, ಅವಳ ಭುಜದ ಮೇಲೆ ಈಗಲೂ ತನ್ನ ಕೈ ಇತ್ತು. ಕಪ್ಪು ಡಬ್ಬಿಯೊಳಗೆ ಕಣ್ಣು ತುಂಬಿಕೊಂಡು ಕನ್ನಡಕ ಮಂಜಾಯಿತು. ಆಕಾಶದ ತುಂಡು ಕಲಸಿಹೋಯಿತು. ನಿನ್ನೆ ಆ ಮಾತನ್ನು ಹೇಳಿದ ಬಾಯಿ ಇದೇ.

ಹೆಡ್‌ಸೆಟ್ ತೆಗೆದಾಗ ತರಗತಿ ಇದ್ದಲ್ಲೇ ಇತ್ತು, ಟ್ಯೂಬ್‌ಲೈಟು, ಸುಣ್ಣ ಉದುರಿದ ಗೋಡೆ, ಅದೇ ವಾಸನೆ. ಕಿಟಕಿಯ ಬಳಿ ಯಾರೂ ಇರಲಿಲ್ಲ. ಸುಭದ್ರಾಬೆನ್ ಮತ್ತು ಚೇತನ್‌ಭಾಯಿ ಆಫೀಸಿಗೆ ಹೋಗಿದ್ದರು. ಸ್ವಲ್ಪ ಹೊತ್ತಿಗೆ ಆಯಾ ಚಂಪಾಬೆನ್ ಬಂದು, ಮನಸ್ವಿನಿ ಟೀಚರನ್ನು ಕರೀತಿದ್ದಾರೆ, ಎಂದಳು. ಜಯಾಳನ್ನು ಕರೆದಿರಲಿಲ್ಲ. ಎರಡನೇ ಸರದಿಯ ಮಕ್ಕಳನ್ನು ಪಕ್ಕದ ತರಗತಿಯ ಟೀಚರಿಗೆ ಒಪ್ಪಿಸಿ ಮನಸ್ವಿನಿ ಹೋದಳು. ಕಾರಿಡಾರಿನಲ್ಲಿ ಅವಳ ಬೆನ್ನನ್ನು ನೋಡುತ್ತ ನಿಂತ ಜಯಾಳಿಗೆ ಸುಮ್ಮನಿರುವುದು ಎಷ್ಟು ಸುಲಭ ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ನಾಳೆ ಮನಸ್ವಿನಿ ಅಳುತ್ತ ಬಂದರೆ ತಲೆ ನೇವರಿಸಿ ಬೇಟಾ ಎನ್ನಬಹುದು. ಆ ದೃಶ್ಯ ತನ್ನ ಮನಸ್ಸಿನಲ್ಲಿ ಅಷ್ಟು ಪೂರ್ತಿಯಾಗಿ, ತನ್ನ ಕೈ ಅವಳ ತಲೆಯ ಮೇಲಿರುವುದರ ಸಮೇತ ಮೂಡಿದ್ದನ್ನು ಕಂಡು ಅವಳಿಗೆ ಅಸಹ್ಯವಾಯಿತು. ಕಾಲು ಎಳೆಯುತ್ತ ಹೊರಟಳು, ಬಾಗಿಲು ತಟ್ಟದೆ ಒಳಗೆ ಹೋದಳು.

"ಬನ್ನಿ ಜಯಾಬೆನ್," ಎಂದರು ಸುಭದ್ರಾಬೆನ್, ಸ್ವಲ್ಪ ಗಾಬರಿಯಾಗಿ. ಮನಸ್ವಿನಿ ಮೇಜಿನ ಮುಂದೆ ನಿಂತಿದ್ದಳು. ಕೂರು ಎಂದು ಅವಳಿಗೆ ಯಾರೂ ಹೇಳಿದ ಹಾಗಿರಲಿಲ್ಲ.

"ಹಿರಿಯ ಟೀಚರೇ ಬೇಡ ಅಂದ ಮೇಲೆ ನಾವು ಮುಂದುವರಿಸೋದು ಕಷ್ಟ ಅಂತ ಹೇಳ್ತಿದ್ದೆ," ಎಂದರು ಚೇತನ್‌ಭಾಯಿ, ಸೌಜನ್ಯದಿಂದಲೇ.

ಹೇಳಿಬಿಟ್ಟಿದ್ದಾರೆ. ಮನಸ್ವಿನಿ ತಿರುಗಿ ನೋಡಲಿಲ್ಲ.

"ನಾನು ನೋಡದೆ ಹೇಳಿದ್ದೆ," ಎಂದಳು ಜಯಾ. ಗುಜರಾತಿ ನಾಲಗೆಗೆ ಸಿಗದೆ ತಡವರಿಸಿದಳು. "ಆಟದ ಸಾಮಾನು ಅಂದೆ. ಹೊಟ್ಟೆಕಿಚ್ಚಿಗೆ ಅಂದೆ. ಮಕ್ಕಳು ಇವಳ ಹಿಂದೆ ಓಡ್ತಾರೆ, ನನ್ನ ಹಿಂದೆ ಓಡಲ್ಲ, ಅದಕ್ಕೆ."

ಚೇತನ್‌ಭಾಯಿ ಸುಭದ್ರಾಬೆನ್ ಮುಖ ನೋಡಿದರು. "ನಿನ್ನೆ ಒಂದು, ಇವತ್ತು ಒಂದು ಹೇಳಿದ್ರೆ ನಾವು ಯಾವುದನ್ನ ನಂಬೋದು, ಬೆನ್?"

"ಇವತ್ತಿಂದನ್ನ. ಅಡಾಲಜಿಗೆ ನಾನು ಎಷ್ಟೋ ಸಲ ಹೋಗಿದ್ದೀನಿ, ಸಾಹೇಬ್. ನೋಡಿದ್ದು ಇವತ್ತು."

"ನೋಡಿದಿರಿ, ಸಂತೋಷ. ಆದರೆ ನನ್ನ ಅನುಭವದಲ್ಲಿ ಹೀಗಾಗತ್ತೆ. ಗೊತ್ತಿರೋ ಹುಡುಗಿ ಒಬ್ಬಳಿರ್ತಾಳೆ, ಅವಳು ಬೇರೆ ಕಡೆ ಹೋದ ಮಾರನೇ ದಿನ ಎಲ್ಲ ಕಪಾಟು ಸೇರತ್ತೆ. ನೀವು ನಡೆಸ್ತೀರಾ ಇದನ್ನ? ನೀವೇ?"

ಮೊಬೈಲಿನಲ್ಲಿ ಫೋಟೋ ಕಳಿಸಲು ಗಂಡನನ್ನು ಕರೆಯುವವಳು ಅವಳು. "ನಡೆಸ್ತೀನಿ," ಎಂದಳು. "ನಾಳೆ ಏಳನೇ ಬಿ ಇದೆ. ಬಂದು ನೋಡಿ."

ಚೇತನ್‌ಭಾಯಿಗೆ ನಾಳೆ ಬಿಡುವಿರಲಿಲ್ಲ. ಆದರೆ ಅವರು ಏಳುವಾಗ, ಈ ವರ್ಷ ನಡೀಲಿ, ಮುಂದಿನ ವರ್ಷದ ಮಾತು ಆಮೇಲೆ, ಎಂದರು. ಸುಭದ್ರಾಬೆನ್ ಅವರನ್ನು ಕಳಿಸಲು ಹೋದರು, ಜಯಾಳ ಪಕ್ಕದಿಂದ ಹಾದುಹೋಗುವಾಗ ಮುಖ ಗಂಟಿಕ್ಕಿಕೊಂಡೇ ಹೋದರು.

ಕಾರಿಡಾರಿನಲ್ಲಿ ಮನಸ್ವಿನಿ ಮುಂದೆ ಮುಂದೆ ನಡೆದಳು. ನೀರಿನ ನಲ್ಲಿಯ ಹತ್ತಿರ ನಿಂತಳು.

"ನನಗೆ ಬೆಳಿಗ್ಗೇನೇ ಗೊತ್ತಿತ್ತು, ಜಯಾಬೆನ್. ನಿನ್ನೆ ಚಹಾ ಕಪ್ಪು ತೆಗೀವಾಗ ಚಂಪಾಬೆನ್ ಕೇಳಿಸಿಕೊಂಡಿದ್ದಳು."

"ಗೊತ್ತಿದ್ದೂ ನನ್ನನ್ನ ಕರೆದ್ಯಾ?"

"ನೀವು ನೋಡಿರಲಿಲ್ಲವಲ್ಲ," ಎಂದಳು ಹುಡುಗಿ, ಇದಕ್ಕಿಂತ ಬೇರೆ ಕಾರಣ ಬೇಕೇ ಎಂಬಂತೆ. ಆಮೇಲೆ ಮುಖ ತೊಳೆದುಕೊಂಡಳು, ಒದ್ದೆ ಮುಖವನ್ನು ದುಪಟ್ಟಾದಲ್ಲಿ ಒರೆಸುತ್ತ ಹೇಳಿದಳು: "ನನಗೆ ಬೇಜಾರಾಗಿದೆ. ಇವತ್ತು ಹೋಗೋದಿಲ್ಲ ಅದು. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಇರಿ, ಟ್ಯಾಬಿನಿಂದ ಎಲ್ಲ ಹೆಡ್‌ಸೆಟ್ಟುಗಳನ್ನ ಒಟ್ಟಿಗೆ ಹೇಗೆ ನಡೆಸೋದು ತೋರಿಸ್ತೀನಿ."

ಜಯಾ ನಿಂತೇ ಇದ್ದಳು. ತನ್ನ ಅರ್ಧ ವಯಸ್ಸಿನ ಈ ಹುಡುಗಿ ಹೇಗೆ ಕಲಿತಳು ಇದನ್ನು, ಬೇಜಾರನ್ನು ಒಂದು ಕೈಯಲ್ಲಿ, ಪಾಠವನ್ನು ಇನ್ನೊಂದು ಕೈಯಲ್ಲಿ ಹಿಡಿದು, ಎರಡೂ ಒಂದಕ್ಕೊಂದು ತಾಗದ ಹಾಗೆ ನಡೆಯುವುದನ್ನು? ತನಗೆ ಇಷ್ಟು ವರ್ಷವಾದರೂ ಬಂದಿರಲಿಲ್ಲ. ಮತ್ಸರ ಪಡಬೇಕೆಂದರೂ ಒಳಗೆ ಏನೂ ಸಿಗಲಿಲ್ಲ. ಒಂದು ದೊಡ್ಡ ಕಟ್ಟಡದ ಮುಂದೆ ನಿಂತಾಗ ಆಗುವಂತೆ ಮನಸ್ಸು ಸುಮ್ಮನೆ ಅಗಲವಾಯಿತು.

ಮಾರನೇ ದಿನ ಏಳನೇ ಬಿಯಲ್ಲಿ ಟ್ಯಾಬ್ ಅವಳ ಕೈಯಲ್ಲಿತ್ತು, ಅಂಗೈ ಬೆವರಿ ಅದು ಜಾರುತ್ತಿತ್ತು. ಮನಸ್ವಿನಿ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು, ಸಹಾಯಕ್ಕೆ ಬರುವ ಲಕ್ಷಣವಿರಲಿಲ್ಲ. ಎರಡನೇ ಅಂತಸ್ತಿನವರೆಗೆ ಸರಿಯಾಗಿ ಬಂತು. ಆನೆಗಳನ್ನು ತೋರಿಸಿದಳು. ಮೂರನೆಯದಕ್ಕೆ ಒತ್ತಬೇಕಾದಲ್ಲಿ ಇನ್ನೇನನ್ನೋ ಒತ್ತಿ ಇಡೀ ತರಗತಿಯನ್ನು ಮತ್ತೆ ಬಾವಿಯ ಹೊರಗೆ, ಬಿಸಿಲಿಗೆ, ತಂದು ನಿಲ್ಲಿಸಿದಳು. ಅರೇ ಟೀಚರ್, ಎಂದು ಮಕ್ಕಳು ಗೊಣಗಿದರು, ಒಬ್ಬ ಸಿಳ್ಳೆ ಹಾಕಿದ. ಎಂದಿನ ಹಾಗೆ ಕಿವಿ ಬಿಸಿಯಾಗುವುದನ್ನು ಕಾದಳು. ಆಗಲಿಲ್ಲ. "ತಪ್ಪಾಯ್ತು, ತಡೀರಿ, ಮತ್ತೆ ಇಳಿಯೋಣ," ಎಂದಳು, ಮತ್ತೆ ಇಳಿದರು. ಮಜ್ಜಿಗೆ ಕಡೆಯುವವಳ ಮುಂದೆ ಸ್ವಲ್ಪ ಹೆಚ್ಚು ಹೊತ್ತೇ ನಿಂತರು. ಹೇತಲ್ ಗೋಡೆಯ ಮೇಲಿನ ಹೆಂಗಸಿನ ಕಡೆಗೆ ಎರಡು ಬೆರಳನ್ನು ಚಾಚಿ, ಆಮೇಲೆ ಯಾಕೋ ಹಿಂತೆಗೆದು, ಇಡೀ ಅಂಗೈಯನ್ನು ಗಾಳಿಯಲ್ಲಿ ಅಗಲವಾಗಿ ಇಟ್ಟುಕೊಂಡು ನಿಂತಳು.

ತಳಕ್ಕೆ ಬಂದಾಗ ಜಯಾ ಉಸಿರು ಬಿಟ್ಟಳು. "ಈಗ ಎಲ್ಲರೂ ಮೇಲೆ ನೋಡಿ."

ಮಕ್ಕಳು ಮೇಲೆ ನೋಡಿದರು. ಟ್ಯಾಬಿನಿಂದ ತಲೆಯೆತ್ತಿದ ಜಯಾಳಿಗೆ ಬಾವಿ ಕಾಣಲಿಲ್ಲ, ಆಕಾಶ ಕಾಣಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಕಪ್ಪು ಡಬ್ಬಿಗಳು ಛಾವಣಿಯತ್ತ ಮುಖ ಮಾಡಿದ್ದವು, ಅವುಗಳ ಕೆಳಗೆ ಬಾಯಿಗಳು ಅರ್ಧ ತೆರೆದಿದ್ದವು, ಅದರ ಕೆಳಗೆ ಗಂಟಲುಗಳು, ಕಪ್ಪು ದಾರ ಕಟ್ಟಿದ್ದು, ಬೆವರುಸಾಲೆ ಎದ್ದದ್ದು, ಉಗುಳು ನುಂಗುವಾಗ ಮೇಲೆ ಕೆಳಗೆ ಆಡುತ್ತಿದ್ದುದು. ಹಿಂದೆ ಕಾಯುತ್ತ ನಿಂತ ಮಕ್ಕಳು ಕೂಡ, ಕಾಣದಿದ್ದರೂ, ಕತ್ತೆತ್ತಿ ಛಾವಣಿಯನ್ನೇ ನೋಡುತ್ತಿದ್ದರು.

ಯಾವಾಗಲೋ ಮನಸ್ವಿನಿ ಗೋಡೆ ಬಿಟ್ಟು ಬಂದು ಪಕ್ಕದಲ್ಲಿ ನಿಂತಿದ್ದಳು.

"ಪ್ರತಿ ಸಲ ಇದನ್ನ ನೋಡೋಕೇ ನಾನು ಬರೋದು, ಜಯಾಬೆನ್," ಎಂದಳು ಪಿಸುದನಿಯಲ್ಲಿ. "ಬೇಗ ಒತ್ತಬೇಡಿ. ಇನ್ನೂ ಸ್ವಲ್ಪ ಹೊತ್ತು ಇರಲಿ."

ಜಯಾ ಬೆರಳನ್ನು ಟ್ಯಾಬಿನಿಂದ ಎತ್ತಿ ಹಿಡಿದಳು.